ಅಧ್ಯಕ್ಷರ ಹೆಂಡತಿಯರು

ಗಂಜಿ ಹಾಕಿದ ಬಿಳಿ ಬಟ್ಟೆಯ ಮೇಲೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಎಳೆದಾಗ ಏಳುವ ಹಬೆಗೆ ಒಂದು ವಾಸನೆಯಿದೆ, ನಿಮಗೂ ಗೊತ್ತಿರಬೇಕು. ಅರ್ಧ ಅನ್ನದ ವಾಸನೆ, ಅರ್ಧ ಶಾಲೆಯ ವಾಸನೆ. ಅಮೆರಿಕದ ಸಮಾಮಿಶ್ ಊರಿನ ನಮ್ಮ ಮನೆಯಲ್ಲಿ ಅದು ಅಪರೂಪ. ಇಲ್ಲಿ ಬಟ್ಟೆಗಳು ಡ್ರೈಯರಿನಿಂದ ಬಿಸಿಬಿಸಿಯಾಗಿ ಬಂದು ಸೋಫಾದ ಮೇಲೆ ಗುಡ್ಡೆ ಬೀಳುತ್ತವೆ, ಗುಡ್ಡೆಯಿಂದ ನೇರ ಮೈಮೇಲೆ ಏರುತ್ತವೆ. ಈ ಸಲದ ಮಾರ್ಚಿನಲ್ಲಿ ಒಂದು ಶನಿವಾರ ಬೆಳಿಗ್ಗೆ ಮಾತ್ರ ನಾನು ಅನ್ನದ ಗಂಜಿ ಬಸಿದು, ಹಳೇ ಕಾಟನ್ ದುಪಟ್ಟಾ ಕತ್ತರಿಸಿ ಹೊಲಿದ ಒಂದು ಬಿಳಿ ಕಾಲರಿಗೆ ಹಾಕಿ, ಇಸ್ತ್ರಿ ಮಾಡುತ್ತ ನಿಂತಿದ್ದೆ.

ಕಾಲರು ಮಗಳು ತನ್ವಿಯದು. ಅವಳ ಶಾಲೆಯಲ್ಲಿ ಐದನೆಯ ತರಗತಿಯ ಮಕ್ಕಳು ವರ್ಷಕ್ಕೊಮ್ಮೆ ಇತಿಹಾಸದ ಒಬ್ಬೊಬ್ಬರ ವೇಷ ಹಾಕಿ ಬೊಂಬೆಯ ಹಾಗೆ ಸಾಲಾಗಿ ನಿಲ್ಲುತ್ತಾರೆ. ಎದುರಿಗೆ ನೆಲದ ಮೇಲೆ ಕಾಗದದ ಒಂದು ಗುಂಡಿ. ಬಂದವರು ಅದನ್ನು ಕಾಲಿನಿಂದ ಒತ್ತಿದರೆ ಬೊಂಬೆಗೆ ಜೀವ ಬಂದು ತನ್ನ ಕಥೆ ಹೇಳಬೇಕು. ಗಗನಯಾತ್ರಿ ಬರಲಿ ಎಂದು ಕಾದಿದ್ದ ತನ್ವಿಗೆ ಚೀಟಿಯಲ್ಲಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ಒಬ್ಬ ಅಮೆರಿಕದ ಅಧ್ಯಕ್ಷರ ಹೆಂಡತಿ. ಮುಖ ಊದಿಸಿಕೊಂಡು ಮನೆಗೆ ಬಂದಳು. ಆಕೆಯ ಹೆಸರನ್ನು ನಾನು ಹೇಳುವ ರೀತಿಯನ್ನು ತನ್ವಿ ಮೂರು ಸಲ ತಿದ್ದಿ ಕೈಬಿಟ್ಟಿದ್ದಾಳೆ. ಕನ್ನಡದಲ್ಲಿ ಬರೆದರೆ ಇನ್ನೂ ಕೆಡುತ್ತದೆ, ಹಾಗಾಗಿ ಬಿಡಿ.

ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಆಕೆಗೆ ಒಂದು ಪುಟ ಇತ್ತು. ಆ ಪುಟದ ಅರ್ಧ ಭಾಗ ಗಂಡನ ಚಿತ್ರ. ಉಳಿದರ್ಧವನ್ನು ನಾನು ಇಸ್ತ್ರಿ ಮಾಡುತ್ತಲೇ ಓದಿದೆ. ಆಮೇಲೆ ಕುತೂಹಲಕ್ಕೆ ಬೇರೆ ಕಡೆ ಹುಡುಕಿ ಓದಿದೆ. ಚಪ್ಪಲಿ ಹೊಲಿಯುವವನ ಮಗಳು. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡ. ಹದಿನಾರಕ್ಕೆ ಮದುವೆ, ಹದಿನೆಂಟರ ಒಬ್ಬ ದರ್ಜಿಯ ಜೊತೆ. ಆ ದರ್ಜಿ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕೂಡಿಸಿ ಓದುವಷ್ಟು ಹೇಗೋ ಕಲಿತಿದ್ದ, ಬರೆಯಲು ಬರುತ್ತಿರಲಿಲ್ಲ. ಅವನು ಅಂಗಡಿಯಲ್ಲಿ ಕೂತು ಕೋಟು ಹೊಲಿಯುವಾಗ ಈಕೆ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದಳಂತೆ. ಬರೆಯುವುದನ್ನು, ಕೂಡಿ ಕಳೆಯುವುದನ್ನು ಕೈಹಿಡಿದು ಕಲಿಸಿದಳಂತೆ. ದರ್ಜಿ ಊರಿನ ಚುನಾವಣೆ ಗೆದ್ದ, ರಾಜ್ಯದ್ದು ಗೆದ್ದ, ಕೊನೆಗೆ ದೇಶದ ಅಧ್ಯಕ್ಷನೇ ಆದ. ಅಷ್ಟರಲ್ಲಿ ಈಕೆಯನ್ನು ಕ್ಷಯ ಹಿಡಿದಿತ್ತು. ಅಂತರ್ಯುದ್ಧದಲ್ಲಿ ಮನೆ ಬಿಟ್ಟು ಹೊರಡು ಎಂದು ಅಪ್ಪಣೆಯಾಗಿ, ಕೆಮ್ಮುತ್ತ ಕೆಮ್ಮುತ್ತ ಮಕ್ಕಳನ್ನು ಕಟ್ಟಿಕೊಂಡು ಸೈನ್ಯಗಳ ನಡುವೆ ಹಾದುಹೋಗಿದ್ದಳು. ಒಬ್ಬ ಮಗ ಕುದುರೆಯಿಂದ ಬಿದ್ದು ಸತ್ತ. ಶ್ವೇತಭವನದಲ್ಲಿ ಆಕೆ ಮಹಡಿಯ ಮೇಲಿನ ಒಂದು ಕೋಣೆ ಹಿಡಿದು ಕೂತಳು. ಕೆಳಗಿನ ಔತಣಗಳಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದವಳು ಹಿರಿಯ ಮಗಳು. ಆಕೆ ಮೇಲೆ ಕೂತು ಪೇಪರುಗಳಲ್ಲಿ ಗಂಡನ ಬಗ್ಗೆ ಬಂದದ್ದನ್ನೆಲ್ಲ ಕತ್ತರಿಸಿ ಅಂಟಿಸಿಡುತ್ತಿದ್ದಳು. ಗಂಡನನ್ನು ಪದಚ್ಯುತಗೊಳಿಸಲು ವಿಚಾರಣೆ ನಡೆದಾಗ ಅವನು ಗೆದ್ದೇ ಗೆಲ್ಲುತ್ತಾನೆ ಎಂದು ನಂಬಿದ್ದಳು, ಅವನು ಗೆದ್ದ. ಅವನು ಸತ್ತು ಅರ್ಧ ವರ್ಷದೊಳಗೆ ಆಕೆಯೂ ಹೋದಳು.

ಮಕ್ಕಳ ಪುಸ್ತಕ ಇಷ್ಟನ್ನೆಲ್ಲ ಬಿಟ್ಟು, ಆಕೆ ಶಾಂತ ಸ್ವಭಾವದವಳು, ಗಂಡನಿಗೆ ಬೆಂಬಲವಾಗಿದ್ದಳು ಎಂದು ಬರೆದು ಮುಗಿಸಿತ್ತು. ಬೆಂಬಲ! ಬೆಂಬಲ ಎಂದರೆ ಹಿತ್ತಲಿನ ಬಳ್ಳಿಗೆ ಊರುವ ಕೋಲು. ಅಕ್ಷರ ಕಲಿಸಿದವರಿಗೆ ನಮ್ಮ ಕಡೆ ಬೇರೆ ಹೆಸರಿದೆ, ಗುರು ಅನ್ನುತ್ತಾರೆ. ನಾನು ಸಿಟ್ಟಿನಲ್ಲಿ ಪುಸ್ತಕದ ಕಡೆ ನೋಡುತ್ತ ನಿಂತುಬಿಟ್ಟೆ. ಸುಟ್ಟ ವಾಸನೆ ಬಂದಾಗ ಕಾಲರಿನ ಒಂದು ಮೂಲೆ ಕಂದು ತಿರುಗಿತ್ತು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಸಿಟ್ಟು ನೂರೈವತ್ತು ವರ್ಷದ ಹಿಂದೆ ಸತ್ತ ಆ ಹೆಂಗಸಿನ ಸಲುವಾಗಿ ಬಂದದ್ದಲ್ಲ. ಕುಸುಮಾ ವೈನಿಯ ಸಲುವಾಗಿ ಬಂದದ್ದು.

ಕುಸುಮಾ ವೈನಿ ನೆಂಟರಲ್ಲ, ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುವ ರೂಢಿ. ಅವರು ಇದ್ದದ್ದು ಹತ್ತಿರದ ಶೋರ್‌ಲೈನ್‌ನಲ್ಲಿ. ನಾನು ಗದಗಿನಿಂದ ಬಂದ ಹೊಸತು. ನಗರದ ನಡುವಿನ ಸೌತ್ ಲೇಕ್ ಯೂನಿಯನ್‌ನ ಆಫೀಸಿನಲ್ಲಿ ಕೆಲಸ, ಅಲ್ಲೇ ಒಂದು ಕೋಣೆಯ ಅಪಾರ್ಟ್‌ಮೆಂಟು. ಮೈಸೂರಿನ ಗಂಡ, ಅವನ ಬೆಂಗಳೂರಿನ ಗೆಳೆಯರು, ಇವರ ನಡುವೆ ನಾನು ಬಾಯಿ ತೆರೆದರೆ ಎಲ್ಲರೂ ನಗುತ್ತಿದ್ದರು. ಕನ್ನಡ ಸಂಘದ ಯುಗಾದಿಗೆ ಹೋದಾಗ ಊಟದ ಸಾಲಿನಲ್ಲಿ ಹಿಂದಿನಿಂದ ಯಾರೋ, “ಗದಗಿನಕೀ ಏನು? ದನಿ ಕೇಳಿದ ಕೂಡ್ಲೆ ಗೊತ್ತಾತು” ಎಂದರು. ತಿರುಗಿ ನೋಡಿದರೆ ಗಿಡ್ಡ ಮೈಕಟ್ಟಿನ, ದಪ್ಪ ಕನ್ನಡಕದ ಹೆಂಗಸು. ವಿಜಾಪುರದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವರು, ಮದುವೆಯಾಗಿ ಬಂದು ಮೂವತ್ತು ವರ್ಷವಾಗಿತ್ತು. ಅಂದಿನಿಂದ ಶನಿವಾರಗಳಂದು ಬಸ್ಸು ಹಿಡಿದು ಅವರ ಮನೆಗೆ ಹೋಗುವುದು ನನಗೆ ರೂಢಿಯಾಯಿತು. ಹೋಗುತ್ತಿದ್ದದ್ದು ರೊಟ್ಟಿಯ ಆಸೆಗೆ ಎಂದು ಆಗ ಅಂದುಕೊಂಡಿದ್ದೆ. ನನ್ನ ಮಾತಿಗೆ ನಗದವರ ಎದುರು ಮಾತಾಡುವ ಆಸೆಗೆ ಎಂದು ಈಗ ತಿಳಿಯುತ್ತದೆ.

ವೈನಿಯ ಗಂಡ ನಮ್ಮ ಕನ್ನಡ ಸಂಘದ ಅಧ್ಯಕ್ಷರು. ನಾಲ್ಕು ಸಲ ಆರಿಸಿ ಬಂದು, ಪದವಿ ಬಿಟ್ಟ ಮೇಲೂ ಎಲ್ಲರ ಬಾಯಲ್ಲಿ ಅಧ್ಯಕ್ಷರಾಗಿಯೇ ಉಳಿದವರು. ಅವರ ಹೆಸರು ನಾನು ಹೇಳುವುದಿಲ್ಲ. ಸಂಘದ ಸಭೆಗಳ ನಿರೂಪಕಿಯಾಗಿ ಇಷ್ಟು ವರ್ಷ ಮೈಕಿನ ಮುಂದೆ ಅದನ್ನು ಹೇಳಿ ಹೇಳಿ ನನ್ನ ನಾಲಗೆ ಸವೆದಿದೆ. ವಿಮಾನದ ರೆಕ್ಕೆಗಳ ಇಂಜಿನಿಯರ್, ಆರಡಿ ಎತ್ತರ, ತುಂಬು ಕಂಠ. ಅವರ ಭಾಷಣ ಇದೆ ಎಂದರೆ ಊಟ ಮುಗಿಸಿ ಎದ್ದವರೂ ಮತ್ತೆ ಬಂದು ಕೂರುತ್ತಿದ್ದರು. ಭಾಷೆಯೆಂದರೆ ಅಜ್ಜಿಯ ಸೀರೆಯ ಗಂಟು, ಮೊಮ್ಮಕ್ಕಳಿಗೆ ಅದನ್ನು ಬಿಚ್ಚುವ ತಾಳ್ಮೆ ಇರಬೇಕು ಎಂದು ಒಮ್ಮೆ ಅವರು ಹೇಳಿದಾಗ ನನ್ನ ಪಕ್ಕದಲ್ಲಿದ್ದ ಯಾರದೋ ಮನೆಯ ತಮಿಳು ಸೊಸೆ ಕೂಡ ಕಣ್ಣೊರೆಸಿಕೊಂಡಳು.

ಮೂರನೆಯದೋ ನಾಲ್ಕನೆಯದೋ ಶನಿವಾರ ನಾನು ಹೇಳದೆ ಕೇಳದೆ ಬೇಗ ಹೋದೆ. ಅಡುಗೆಮನೆಯಲ್ಲಿ ಅಧ್ಯಕ್ಷರು ಫ್ರಿಜ್ಜಿಗೆ ಬೆನ್ನು ಹಚ್ಚಿ, ಕೈಯಲ್ಲಿ ಹಾಳೆ ಹಿಡಿದು, ಪಾಠ ಒಪ್ಪಿಸುವ ಹುಡುಗನ ಹಾಗೆ ನಿಂತಿದ್ದರು. ವೈನಿ ರೊಟ್ಟಿ ಬಡಿಯುತ್ತ, ಅವರು ತಪ್ಪಿದಲ್ಲಿ ಹಿಟ್ಟು ನಾದುವ ಕೊಣಮಿಗೆಗೆ ಕೈ ಜಾಡಿಸಿ, “ಅಲ್ಲೆ ನಿಲ್ರಿ. ಅಲ್ಲೆ ಉಸರು ತಗೋರಿ. ಮಂದಿಗೂ ಕೊಡ್ರಿ ಉಸರು” ಎನ್ನುತ್ತಿದ್ದರು. ನನ್ನನ್ನು ಕಂಡು ಅಧ್ಯಕ್ಷರು ಹಾಳೆ ಮಡಚಿ ಹೊರಗೆ ಹೋದರು. ವೈನಿ ಸ್ವಲ್ಪವೂ ಮುಜುಗರ ಪಡಲಿಲ್ಲ. ಆ ಹಾಳೆಯನ್ನು ಆಮೇಲೆ ನನಗೆ ತೋರಿಸಿದರು. ದುಂಡನೆಯ ಅಕ್ಷರ, ಕೆಂಪು ಪೆನ್ಸಿಲಿನ ಗುರುತುಗಳು. ಒಂದು ಅಡ್ಡಗೆರೆ ಇದ್ದರೆ ನಿಲ್ಲಬೇಕು. ಎರಡಿದ್ದರೆ ನಿಂತು ಸಭೆಯನ್ನು ನೋಡಬೇಕು. ಸೊನ್ನೆ ಸುತ್ತಿದ್ದರೆ ನಗಬೇಕು.

ಅಧ್ಯಕ್ಷರ ಮೊದಲ ಭಾಷಣ ನಡೆದದ್ದು ನಾನು ಇಲ್ಲಿಗೆ ಬರುವ ಎಷ್ಟೋ ವರ್ಷ ಮೊದಲು. ಅಂದು ಅವರು ಸಭಿಕರೇ ಎಂದು ಮೂರು ಸಲ ಹೇಳಿ, ಬೆವೆತು, ಕೂತುಬಿಟ್ಟಿದ್ದರಂತೆ. ಮನೆಗೆ ಬಂದು ಎರಡು ದಿನ ಮಾತಾಡಿರಲಿಲ್ಲ. ಮೂರನೆಯ ದಿನ ವೈನಿ ಒಂದು ಹಾಳೆ ಬರೆದು ಮುಂದಿಟ್ಟರು. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ರಾಜ್ಯೋತ್ಸವ, ಶ್ರದ್ಧಾಂಜಲಿ, ಊರಿಂದ ಬಂದ ದೊಡ್ಡವರಿಗೆ ಸ್ವಾಗತ, ಪತ್ರಿಕೆಗಳಿಗೆ ಲೇಖನ, ಎಲ್ಲವೂ ವೈನಿಯದೇ. ಆಮೇಲೆ ಎಲ್ಲ ಸಭೆಗಳಲ್ಲೂ ನನಗೊಂದು ಗುಟ್ಟಿನ ಆಟ ಸಿಕ್ಕಿತು. ವೇದಿಕೆಯ ಮೇಲೆ ಅಧ್ಯಕ್ಷರು ನಕ್ಕರೆ, ಇಲ್ಲೊಂದು ಸೊನ್ನೆ ಇದೆ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ನನಗೆ ಅದು ತಮಾಷೆಯಾಗಿತ್ತು. ನಾಚಿಕೆಯಾಗುವ ಮಾತು, ಆದರೆ ಖರೆ. ಎಷ್ಟೋ ವರ್ಷ ಅದು ನನಗೆ ಬರೀ ತಮಾಷೆಯಾಗಿತ್ತು.

ವೈನಿಯ ಕೈಬೆರಳುಗಳಿಗೆ ಸಂಧಿವಾತ ಹತ್ತಿದ್ದು ಆ ದಿನಗಳಲ್ಲೇ. ಮೊದಲು ಗೆಣ್ಣುಗಳು ಬಾತವು, ಆಮೇಲೆ ಬೆರಳು ಹೊರಳಿದವು. ರೊಟ್ಟಿ ನಿಂತಿತು, ಪೆನ್ನು ನಿಂತಿತು. ಅವರು ಹೇಳಿದ್ದನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಟೈಪ್ ಮಾಡಿ ಕಳಿಸುವುದು ಎಂದಾಯಿತು. ನಾವು ಅಷ್ಟರಲ್ಲಿ ಸಮಾಮಿಶ್‌ಗೆ ಬಂದಿದ್ದೆವು, ತನ್ವಿ ಹುಟ್ಟಿದ್ದಳು. ಶನಿವಾರ ಅವಳನ್ನು ಕಾರಿನ ಹಿಂದಿನ ಸೀಟಿಗೆ ಕಟ್ಟಿ ಶೋರ್‌ಲೈನ್‌ಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಆರು ವರ್ಷ ಹೀಗೆ ನಡೆಯಿತು. ಕೆಂಪು ಗೆರೆಗಳನ್ನು ನಾನೇ ಹಾಕುವಷ್ಟು ಪಳಗಿದೆ. ಅಂದರೆ ನೋಡಿ, ಆ ಮನೆಯ ಕಳವಿನಲ್ಲಿ ನಾನೂ ಒಂದು ಕೈ.

ಆ ಆರು ವರ್ಷಗಳ ನಡುವೆ ಸಂಘದವರು ಅಧ್ಯಕ್ಷರ ಭಾಷಣಗಳನ್ನು ಪುಸ್ತಕ ಮಾಡಿದರು. ಅಕ್ಷರ ಜೋಡಿಸಿದ್ದು ನಾನು, ಕರಡು ತಿದ್ದಿದ್ದು ನಾನು, ಬಿಡುಗಡೆಯ ದಿನ ನಿರೂಪಣೆ ಮಾಡಿದ್ದೂ ನಾನೇ. ಮೊದಲ ಪುಟದ ಕೃತಜ್ಞತೆ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಅದನ್ನು ಅವರು ನೇರ ಮುದ್ರಣಕ್ಕೆ ಕಳಿಸಿದ್ದರು. ವೇದಿಕೆಯ ಮೇಲೆ ಪುಸ್ತಕ ತೆರೆದಾಗ ಓದಿದೆ. ಸಂಘದ ಪದಾಧಿಕಾರಿಗಳಿಗೆ, ಮುದ್ರಕರಿಗೆ, ಗೆಳೆಯರಿಗೆ ವಂದನೆ ಹೇಳಿ ಕೊನೆಯಲ್ಲಿ, ಹೊತ್ತು ಹೊತ್ತಿಗೆ ಚಹಾ ಮಾಡಿಕೊಟ್ಟ ನನ್ನ ಶ್ರೀಮತಿಗೂ ಋಣಿ ಎಂದಿತ್ತು.  ನಾಲ್ಕನೆಯ ಸಾಲಿನಲ್ಲಿ ವೈನಿ ಶಾಲು ಹೊದ್ದು, ಡೊಂಕು ಬೆರಳುಗಳನ್ನು ಶಾಲಿನೊಳಗೆ ಮರೆಮಾಡಿ ಕೂತಿದ್ದರು. ನನ್ನ ಕೈಯಲ್ಲಿ ಮೈಕು ಇತ್ತು. ಮುನ್ನೂರು ಜನ ನನ್ನ ಕಡೆ ನೋಡುತ್ತಿದ್ದರು. ನಾನು ಮುಂದಿನ ಕಾರ್ಯಕ್ರಮ ಮಕ್ಕಳ ಜಾನಪದ ನೃತ್ಯ ಎಂದು ಘೋಷಿಸಿದೆ.

ಕಾರ್ಯಕ್ರಮ ಮುಗಿದ ಮೇಲೆ ಅವರ ಪಕ್ಕ ಹೋಗಿ ಕೂತು, ಆ ಪುಟ ನೋಡಿದಿರೇನು ಎಂದು ಕೇಳಿದೆ. ನೋಡಿದೆ ಎಂದರು. ಓಡಾಡುವ ಮಕ್ಕಳನ್ನು ನೋಡುತ್ತ, “ಇಡೀ ಪುಸ್ತಕದಾಗ ಇವರು ತಾವ ಬರದದ್ದು ಅದೊಂದ ಸಾಲು. ಓದಿದ್ರ ಗೊತ್ತಾಗ್ತದಲ್ಲ?” ಎಂದರು. ನಕ್ಕರು. ನಾನೂ ನಕ್ಕೆ. ಆ ನಗುವಿಗೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಒಮ್ಮೆ ಮಾತ್ರ ಅವರನ್ನು ನೇರವಾಗಿ ಕೇಳಿದ್ದೆ. ಅದು ಅವರು ಹೋಗುವ ಹಿಂದಿನ ಬೇಸಿಗೆ. ಗಣೇಶ ಹಬ್ಬದ ಒಂದು ಲೇಖನವನ್ನು ತಿದ್ದಿಸುತ್ತಿದ್ದರು, ಫೋನು ಮೇಜಿನ ಮೇಲೆ ರೆಕಾರ್ಡ್ ಆಗುತ್ತಿತ್ತು. ನಿಮ್ಮ ಹೆಸರು ಹಾಕಬೇಕು ಎಂದು ಯಾವತ್ತೂ ಅನಿಸಲಿಲ್ಲವೇ ಎಂದೆ. ವೈನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, “ನನ್ನ ಮಾತು ಮಂದಿ ಕಿವಿಗೆ ಬಿದ್ರ ಸಾಕು, ಬಾಯಿ ಯಾರದಾದ್ರ ಏನು ಅಂತ ಅನಸ್ತಿತ್ತು. ಇವರು ಕೇಳಿದಾಗೂ ನಾನ ಬ್ಯಾಡ ಅಂದೆ. ಈಗ ಹಂಗ ಅನಸೂದಿಲ್ಲ” ಎಂದರು. ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಕ್ರಿಕೆಟ್ ನೋಡುತ್ತಿದ್ದ ಅಧ್ಯಕ್ಷರು ಊಟಕ್ಕೆ ಏನಿದೆ ಎಂದು ಕೂಗಿದರು. ವೈನಿ ಎದ್ದು ಹೋದರು. ಆ ಮಾತು ಮತ್ತೆ ಬರಲಿಲ್ಲ, ನಾನೂ ಎತ್ತಲಿಲ್ಲ.

ಮೂರು ವರ್ಷದ ಹಿಂದೆ, ಚಳಿಗಾಲದಲ್ಲಿ, ನ್ಯುಮೋನಿಯಾ ಆಗಿ ವೈನಿ ಹೋದರು. ನಾಲ್ಕನೆಯ ದಿನ ಅಧ್ಯಕ್ಷರು ನನಗೆ ಕಾಲ್ ಮಾಡಿದರು. ಅಳುತ್ತಿದ್ದರು, ಅದು ಸುಳ್ಳು ಅಳುವಲ್ಲ. ಅತ್ತು ಮುಗಿಸಿ, “ತಂಗಿ, ರವಿವಾರ ಸಭಾ ಇಟ್ಟಾರ. ನಾಕು ಮಾತು ಬರಕೊಡು. ನನಗೆಲ್ಲಿ ಬರ್ತದ?” ಎಂದರು.

ತನ್ನ ಹೆಂಡತಿಯ ಶ್ರದ್ಧಾಂಜಲಿಯನ್ನೂ ಬೇರೆಯವಳಿಂದ ಬರೆಸುವ ಗಂಡಸು.  ಬರೆಯುವುದಿಲ್ಲ ಎನ್ನಬಹುದಿತ್ತು. ಬರೆದೆ. ಬರೆದು, ಮೊದಲ ಪುಟದ ಕೊನೆಯಲ್ಲಿ, ನನ್ನ ಬಾಯಿಂದ ನೀವು ಈವರೆಗೆ ಕೇಳಿದ ಮಾತೆಲ್ಲ ಕುಸುಮಾಳದು ಎಂಬ ಒಂದು ಸಾಲು ಇಟ್ಟೆ. ಅದರ ಮುಂದೆ ಎರಡು ಕೆಂಪು ಗೆರೆ ಎಳೆದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಸಿಟ್ಟಿನವರು ಯಾವಾಗಲೂ ಹೀಗೆ ಅಡ್ಡದಾರಿ ಹಿಡಿಯುತ್ತಾರೆ ಎಂದಲ್ಲ, ಅಂಜುಬುರುಕ ಸಿಟ್ಟಿನವರು ಹಿಡಿಯುತ್ತಾರೆ.

ಭಾನುವಾರ ಸಭಾಂಗಣ ತುಂಬಿತ್ತು. ಅಧ್ಯಕ್ಷರು ಓದಿದರು, ಚೆನ್ನಾಗಿಯೇ ಓದಿದರು. ಆ ಸಾಲಿನ ಹಿಂದಿನ ಸಾಲಿಗೆ ಬಂದು ನಿಂತರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಾಳೆ ತಿರುವಿ ಎರಡನೆಯ ಪುಟದಿಂದ ಮುಂದುವರಿಸಿದರು. ಜನ ಅತ್ತರು. ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಅವರ ಕೈಹಿಡಿದು, ಇಂಥ ದುಃಖದಲ್ಲೂ ಎಂಥ ಮಾತು ಎಂದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಆ ದಿನದಿಂದ ಅವರ ಜೊತೆ ಮಾತು ಬಿಟ್ಟೆ.

ಆದ್ದರಿಂದ ಮಾರ್ಚಿನ ಆ ಶನಿವಾರ ಕಾಲರು ಸುಟ್ಟುಕೊಂಡ ಮೇಲೆ ನಾನು ಏನು ಮಾಡಿದೆನೆಂದು ನೀವು ಊಹಿಸಬಹುದು. ಕೂತು ತನ್ವಿಯ ಭಾಷಣ ಬರೆದೆ. ಇಂಗ್ಲಿಷಿನಲ್ಲಿ ಎರಡು ಪುಟ. ಆ ದರ್ಜಿಯನ್ನು ಅದರಲ್ಲಿ ನಾನು ಅವನ ಸೂಜಿಯಿಂದಲೇ ಚುಚ್ಚಿದ್ದೆ. ತನ್ವಿ ಓದಿದಳು. ಹನ್ನೊಂದು ವರ್ಷದ ಹುಡುಗಿ, ಕಾಗದ ನನ್ನ ಕಡೆಗೆ ಸರಿಸಿ, “ಅಮ್ಮಾ, ದಿಸ್ ಈಸ್ ನಾಟ್ ಹರ್. ದಿಸ್ ಈಸ್ ಜಸ್ಟ್ ಯೂ ಬೀಯಿಂಗ್ ಮ್ಯಾಡ್” ಎಂದಳು. ತಾನೇ ಬರೆಯುತ್ತೇನೆ ಎಂದು ಕೋಣೆಗೆ ಹೋದಳು. ಅರ್ಧ ಗಂಟೆ ಬಿಟ್ಟು ಬಂದು, ಅವರ ಮನೆಯಲ್ಲಿ ಗುಲಾಮರು ಇದ್ದರು, ಅದು ನಿನಗೆ ಗೊತ್ತಾ ಎಂದು ಕೇಳಿದಳು. ಗೊತ್ತಿತ್ತು. ನಾನು ಹುಡುಕಿ ಓದಿದ್ದರಲ್ಲಿ ಅದೂ ಇತ್ತು. ದುಡ್ಡು ಕೊಟ್ಟು ತಂದ ಹೆಂಗಸೊಬ್ಬಳು ಆ ಮನೆಯಲ್ಲಿ ಕೆಲಸಕ್ಕಿದ್ದಳು. ನನ್ನ ಸಿಟ್ಟಿಗೆ ಅಡ್ಡಬರುತ್ತದೆ ಎಂದು ಅದನ್ನು ಬಿಟ್ಟುಬಿಟ್ಟಿದ್ದೆ, ಅಷ್ಟೇ. ಹಾಳೆ ತಿರುವಿದ ಹಾಗೆ.

ಶಾಲೆಯ ಜಿಮ್ಮಿನಲ್ಲಿ ಬೊಂಬೆಗಳ ಸಾಲು ನಿಂತಿತು. ತನ್ವಿ ಗೋಡೆಯ ಪಕ್ಕ, ಉದ್ದ ಲಂಗದಲ್ಲಿ, ಮಡಿಲಲ್ಲಿ ಕೈಯಿಟ್ಟು ಕುರ್ಚಿಯ ಮೇಲೆ ಕೂತಿದ್ದಳು. ನಾನು ಗುಂಡಿ ಒತ್ತಿದೆ. ಅವಳು ತಲೆಯೆತ್ತಿ ನನ್ನನ್ನು ಗುರುತೇ ಇಲ್ಲದವಳ ಹಾಗೆ ನೋಡಿ ಹೇಳಿದ ಮಾತನ್ನು ನನಗೆ ಬಂದಂತೆ ಹೇಳುತ್ತೇನೆ. ನಾನು ನನ್ನ ಗಂಡನಿಗೆ ಬರೆಯಲು ಕಲಿಸಿದೆ, ಅವನು ಅಧ್ಯಕ್ಷನಾದ, ಅವನ ಚಿತ್ರ ಎಲ್ಲ ಕಡೆ ಇದೆ. ನಮ್ಮ ಮನೆಯಲ್ಲಿ ನಾವು ಕೊಂಡುತಂದ ಒಬ್ಬ ಹೆಂಗಸಿದ್ದಳು. ಅವಳಿಗೂ ಕಲಿಸಿದೆನೇ ಎಂದು ನೀವು ನನ್ನನ್ನು ಕೇಳಬೇಕು. ಲೈಬ್ರರಿಯ ಪುಸ್ತಕ ಅದನ್ನು ಕೇಳಿಲ್ಲ.

ಇಷ್ಟು ಹೇಳಿ ಮತ್ತೆ ಬೊಂಬೆಯಾದಳು. ನನ್ನ ಹಿಂದೆ ನಿಂತಿದ್ದ ಯಾರದೋ ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾನು ಹೊರಗೆ ಬಂದು ಕಾರಿನಲ್ಲಿ ಕೂತೆ. ಸಿಟ್ಟು ಇಳಿದಿತ್ತು ಎಂದುಕೊಳ್ಳಬೇಡಿ, ಅದು ತಿರುಗಿ ನನ್ನ ಕಡೆಗೇ ಬಂದಿತ್ತು. ಮೂರು ವರ್ಷದಿಂದ ಒಬ್ಬ ಮುದುಕನ ಮೇಲೆ ಹಲ್ಲು ಕಡಿಯುತ್ತಿದ್ದೇನೆ. ಅವರು ಹಾಳೆ ತಿರುವಿದಾಗ ನನಗೆ ಬಾಯಿ ಇರಲಿಲ್ಲವೇ? ಪುಸ್ತಕ ಬಿಡುಗಡೆಯ ದಿನ ಮೈಕು ಯಾರ ಕೈಯಲ್ಲಿತ್ತು? ನನ್ನ ಬಾಯಿ ಮುಚ್ಚಿ ಹಿಡಿದವರು ಯಾರೂ ಇರಲಿಲ್ಲ. ಒಳ್ಳೆಯವಳು ಅನ್ನಿಸಿಕೊಳ್ಳುವ ಚಟಕ್ಕೆ ಸುಮ್ಮನಿದ್ದೆ.

ಏಪ್ರಿಲ್‌ನಲ್ಲಿ ಸಂಘದವರು ಫೋನ್ ಮಾಡಿದರು. ಅಧ್ಯಕ್ಷರಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ, ಭಾಷಣಗಳ ಪುಸ್ತಕ ಎರಡನೆಯ ಮುದ್ರಣ ಆಗಬೇಕು, ಕರಡು ನೀವೇ ನೋಡಬೇಕು ಎಂದರು. ಒಪ್ಪಿಕೊಂಡೆ. ಆ ಶನಿವಾರ ಮಧ್ಯಾಹ್ನ, ಮೂರು ವರ್ಷದ ಮೇಲೆ, ಶೋರ್‌ಲೈನ್‌ಗೆ ಡ್ರೈವ್ ಮಾಡಿದೆ.

ಅಧ್ಯಕ್ಷರು ಬಾಗಿಲು ತೆರೆದು, ಏನೂ ಆಗಿಲ್ಲವೆಂಬಂತೆ, ಬಾರವಾ ಎಂದರು. ಎರಡೂ ಕಿವಿಗೆ ಯಂತ್ರ ಬಂದಿತ್ತು. ನಾನು ಕೂರುವ ಮೊದಲೇ ಹೇಳಿದೆ: ಈ ಸಲ ಪುಸ್ತಕದ ಮೇಲೆ ವೈನಿಯ ಹೆಸರು ಬರಬೇಕು, ಒಳಗೆ ನಿಮ್ಮ ಕೈಯಿಂದ ಒಂದು ಮಾತು ಬರಬೇಕು. ಅವರು ಕಿಟಕಿಯ ಕಡೆ ನೋಡಿದರು.

“ಆಕೀನ ಬ್ಯಾಡ ಅಂದಿದ್ಲು” ಎಂದರು.

“ವೈನಿ ಬ್ಯಾಡ ಅಂದ್ರು. ನೀವು ಆತು ಅಂದ್ರಿ” ಎಂದೆ.  ಇಷ್ಟು ಹೇಳಲು ನನಗೆ ಎಷ್ಟು ವರ್ಷ ಬೇಕಾಯಿತು ನೋಡಿ.

ಫೋನು ತೆಗೆದು ಆ ಬೇಸಿಗೆಯ ರೆಕಾರ್ಡಿಂಗ್ ಹಚ್ಚಿದೆ. ವೈನಿಯ ದನಿ ಬಂತು, ಕುಕ್ಕರಿನ ಸೀಟಿ ಬಂತು, ನನ್ನ ಪ್ರಶ್ನೆ ಬಂತು. ಈಗ ಹಂಗ ಅನಸೂದಿಲ್ಲ ಎನ್ನುವ ಮಾತು ಬಂತು. ಅದರ ಹಿಂದೆಯೇ, ದೂರದಿಂದ, ಊಟಕ್ಕ ಏನದ ಎನ್ನುವ ಅವರದೇ ತುಂಬು ಕಂಠ. ಕುರ್ಚಿ ಹಿಂದೆ ಸರಿದ ಸದ್ದು. ಅಷ್ಟೇ.

ಅಧ್ಯಕ್ಷರು ಇನ್ನೊಮ್ಮೆ ಹಚ್ಚು ಎಂದರು. ಹಚ್ಚಿದೆ. ಎರಡನೆಯ ಸಲ ತಮ್ಮ ದನಿ ಬಂದಾಗ ಅವರು ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅದನ್ನು ಮತ್ತೆ ಹಾಕಿಕೊಂಡು, ಏನು ಬರೆಯಲಿ, ನೀನೇ ಬರೆದುಕೊಡು ಎಂದರು.

“ಇಲ್ರಿ. ಇದೊಂದು ನೀವ ಬರೀರಿ” ಎಂದು ಎದ್ದೆ.

ಅವರ ಮುಖ ನೋಡಿ ಮರುಕ ಬಂತು ಎಂದು ಬರೆದರೆ ನಿಮಗೆ ಓದಲು ಚೆನ್ನಾಗಿರುತ್ತಿತ್ತು. ಬರಲಿಲ್ಲ. ಬಾಗಿಲು ದಾಟಿ ಕಾರು ಹತ್ತಿದೆ.

ಎರಡು ವಾರ ಸುದ್ದಿಯಿಲ್ಲ. ನಡುವೆ ಸಂಘದ ಕಾರ್ಯದರ್ಶಿ ಕರೆ ಮಾಡಿ, ಮುಖಪುಟದ ಮೇಲೆ ಅಧ್ಯಕ್ಷರ ಹೆಸರೇ ಇರಲಿ, ಬೇಕಿದ್ದರೆ ಒಳಗೆ ಮೇಡಂ ಅವರದೊಂದು ಫೋಟೊ ಹಾಕೋಣ ಎಂದು ನಯವಾಗಿ ಹೇಳಿದರು. ಹಾಗಾದರೆ ಕರಡು ನೋಡಲು ಬೇರೆಯವರನ್ನು ಹುಡುಕಿ, ಆರು ವರ್ಷದ ರೆಕಾರ್ಡಿಂಗುಗಳನ್ನು ನಾನು ಸಂಘದ ಎಲ್ಲ ಸದಸ್ಯರಿಗೂ ಕಳಿಸುತ್ತೇನೆ ಎಂದು ನಾನೂ ಅಷ್ಟೇ ನಯವಾಗಿ ಹೇಳಿದೆ. ನನಗೆ ಇಂಥ ದನಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಗಂಡ ಕಾಫಿ ಲೋಟ ಹಿಡಿದು ಮೆಲ್ಲಗೆ ಬೇರೆ ಕೋಣೆಗೆ ಹೋದ.

ಮೂರನೆಯ ವಾರ ಅಧ್ಯಕ್ಷರಿಂದ ಒಂದು ಫೋಟೊ ಬಂತು. ಗೆರೆ ಹಾಕಿದ ಹಾಳೆ, ನಡುಗುವ ಅಕ್ಷರ, ಹನ್ನೆರಡು ಸಾಲು. ಮೊದಲ ಒಂಬತ್ತು ಸಾಲು ತಮ್ಮ ಬಗ್ಗೆಯೇ: ಸಂಘ ಕಟ್ಟಿದ ಕಷ್ಟ, ಕನ್ನಡದ ಸೇವೆ, ಆಫೀಸು ಮತ್ತು ಸಮಾಜ ಎರಡನ್ನೂ ತೂಗಿಸಿದ ಬಗೆ. ಹತ್ತನೆಯ ಸಾಲಿನಿಂದ ಹೀಗಿತ್ತು:

“ಈ ಬುಕ್ಕಿನ ಭಾಶಣ ಎಲ್ಲಾ ನನ್ನ ಹೆಂಡತಿ ಕುಸುಮಾ ಬರದಾಳ. ನಾನು ಓದಿದೆ. ಇದು ಆಕಿ ಇದ್ದಾಗ ಹೇಳಬೇಕಾಗಿತ್ತು, ಹೇಳಲಿಲ್ಲ.”

ನಾನು ಅದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ರೆಕಾರ್ಡಿಂಗಿಗೆ ಹೆದರಿ ಬರೆದರೋ, ದನಿ ಕೇಳಿ ಬರೆದರೋ, ಅದೂ ಗೊತ್ತಿಲ್ಲ. ಕರಡು ತಿದ್ದುವವಳಾಗಿ ನನಗೆ ಒಂದು ಅಧಿಕಾರವಿತ್ತು, ಅದನ್ನು ಬಳಸಿದೆ. ಭಾಶಣವನ್ನು ಭಾಷಣ ಮಾಡಲಿಲ್ಲ. ಬರದಾಳ ಎಂಬುದನ್ನು ಮುಟ್ಟಲಿಲ್ಲ. ಮೊದಲ ಒಂಬತ್ತು ಸಾಲನ್ನು, ಯಾರನ್ನೂ ಕೇಳದೆ, ಹೊಡೆದುಹಾಕಿದೆ.

ಹೋದ ವಾರ ಪುಸ್ತಕದ ಪೆಟ್ಟಿಗೆ ಮನೆಗೆ ಬಂತು. ಭಾನುವಾರದ ಕನ್ನಡ ತರಗತಿಗೆ ಹೋಗಿ ಬಂದು ಅಕ್ಷರ ಕೂಡಿಸುವ ತನ್ವಿ ಮುಖಪುಟದ ಹೆಸರನ್ನು ನಿಧಾನಕ್ಕೆ ಓದಿ, ಇದು ಶೋರ್‌ಲೈನ್ ಅಜ್ಜಿಯ ಹೆಸರಲ್ವಾ, ಇಲ್ಲಿ ಹೇಗೆ ಬಂತು ಎಂದಳು. ಊಟದ ಮೇಜಿನಲ್ಲಿ ಕೂರಿಸಿಕೊಂಡು, ವಿಜಾಪುರದ ಶಾಲೆಯಿಂದ ಶುರುಮಾಡಿ, ಪೂರ್ತಿ ಹೇಳಿದೆ. ನಾನು ವೇದಿಕೆಯ ಮೇಲೆ ಸುಮ್ಮನೆ ನಿಂತದ್ದನ್ನೂ ಬಿಡಲಿಲ್ಲ.

ನಿನ್ನೆ ಅಧ್ಯಕ್ಷರ ಫೋನು ಬಂತು. ಪುಸ್ತಕ ತಲುಪಿದೆ, ಚೆನ್ನಾಗಿ ಬಂದಿದೆ ಎಂದರು. ಆಮೇಲೆ, ತಾವು ಬರೆದುಕೊಟ್ಟದ್ದರಲ್ಲಿ ಮೊದಲಿನ ಒಂಬತ್ತು ಸಾಲು ಕಾಣಲಿಲ್ಲವಲ್ಲ ಎಂದು ಕೇಳಿದರು.

ಪುಟದಲ್ಲಿ ಜಾಗ ಸಾಲಲಿಲ್ಲ ಎಂದೆ.